ಗ್ರಾಮಸಭೆಯಲ್ಲಿ ಮೈಕ್ ಕೈಗೆ ಬಂದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮೂರು ದಕ್ಷಿಣ ಕನ್ನಡದ ಘಟ್ಟದ ಬುಡದಲ್ಲಿದೆ. ಎರಡು ಅವಧಿ ಪಂಚಾಯತ್ ಸದಸ್ಯನಾಗಿ ವೇದಿಕೆ ಮೇಲೆ ಕೂತವನು ನಾನು. ಅದಕ್ಕೂ ಮೊದಲು ಹತ್ತಾರು ವರ್ಷ ಸಭಾಭವನದ ಹಿಂಬಾಗಿಲ ಹತ್ತಿರ ನಿಂತು ಕೂಗುವವರ ಗುಂಪಿನಲ್ಲಿದ್ದೆ. ಗ್ರಾಮಸಭೆಯ ನೋಟಿಸು ಹಚ್ಚಿದ ವಾರ ಹಾಲಿನ ಸೊಸೈಟಿಯಲ್ಲಿ, ಬಸ್ಸಿನಲ್ಲಿ, ಮದುವೆ ಊಟದ ಸಾಲಿನಲ್ಲಿ ಜನ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಬರೆದಿಟ್ಟಿದ್ದೇನೆ. ಇದು ಸುತ್ತೋಲೆಯಲ್ಲ. ಕಾನೂನು ಎಲ್ಲಿ ಮುಗಿಯಿತು, ನನ್ನ ಅಭಿಪ್ರಾಯ ಎಲ್ಲಿ ಶುರುವಾಯಿತು ಎಂಬುದು ಓದುವಾಗ ನಿಮಗೇ ಗೊತ್ತಾಗುತ್ತದೆ.

ಗ್ರಾಮಸಭೆ ಅಂದರೆ ಪಂಚಾಯತ್‌ನ ಮೀಟಿಂಗೇ ಅಲ್ಲವೇ?

ಅಲ್ಲ. ಪಂಚಾಯತ್ ಸದಸ್ಯರು ಸಾಮಾನ್ಯವಾಗಿ ತಿಂಗಳಿಗೊಮ್ಮೆ ಬಾಗಿಲು ಅರೆ ಮುಚ್ಚಿ ಕೂರುವುದು ಸಾಮಾನ್ಯ ಸಭೆ. ಗ್ರಾಮಸಭೆ ಮತದಾರರ ಸಭೆ. ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ಅದರ ಪ್ರಕಾರ ಪಂಚಾಯತ್ ವ್ಯಾಪ್ತಿಯ ಮತದಾರರ ಪಟ್ಟಿಯಲ್ಲಿ ಹೆಸರಿರುವ ಎಲ್ಲರೂ ಸೇರಿದ್ದೇ ಗ್ರಾಮಸಭೆ. ಅಂದರೆ ನೀವು ಅದರ ಸದಸ್ಯರು, ಪ್ರೇಕ್ಷಕರಲ್ಲ. ಪಂಚಾಯತ್‌ಗೆ ಆರಿಸಿದವರನ್ನು ಐದು ವರ್ಷಕ್ಕೊಮ್ಮೆ ಬದಲಾಯಿಸಬಹುದು, ನಿಮ್ಮನ್ನು ಆ ಸದಸ್ಯತ್ವದಿಂದ ತೆಗೆಯಲು ಯಾರಿಗೂ ಆಗದು.

ನಮ್ಮ ರಾಜ್ಯಕ್ಕೆ ಇದು 1993ರಲ್ಲಿ ಮೊದಲ ಸಲ ಬಂದದ್ದೂ ಅಲ್ಲ. ಅಬ್ದುಲ್ ನಜೀರ್ ಸಾಬ್ ಮಂತ್ರಿಯಾಗಿದ್ದಾಗ ತಂದ 1983ರ ಕಾಯ್ದೆಯಲ್ಲೇ ಗ್ರಾಮಸಭೆ ಇತ್ತು. ಊರೂರಿಗೆ ಕೊಳವೆಬಾವಿ ಕೊರೆಸಿದ್ದಕ್ಕೆ ಜನ ಅವರನ್ನು ನೀರ್ ಸಾಬ್ ಎಂದು ಕರೆದರು. ಗ್ರಾಮಸಭೆ ತಂದದ್ದಕ್ಕೆ ಯಾರೂ ಅಡ್ಡಹೆಸರು ಇಡಲಿಲ್ಲ ಅನ್ನುವುದು ನನಗೆ ಒಂದು ಸಣ್ಣ ಬೇಜಾರು. ಈಗಿನ ರಾಜ್ಯ ಕಾಯ್ದೆ 1993ರದ್ದು. ಆಮೇಲೆ ಅದಕ್ಕೆ ದೊಡ್ಡ ತಿದ್ದುಪಡಿಯಾಗಿ ಹೆಸರಿಗೆ ‘ಗ್ರಾಮ ಸ್ವರಾಜ್’ ಸೇರಿಕೊಂಡಿತು.

ವಾರ್ಡ್ ಸಭೆಗೂ ಬರಬೇಕಾ? ಒಂದಕ್ಕೆ ಬಂದರೆ ಸಾಲದೇ?

ಒಂದಕ್ಕೇ ಬರುವ ಹಾಗಿದ್ದರೆ ವಾರ್ಡ್ ಸಭೆಗೆ ಬನ್ನಿ. ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ.

ಗ್ರಾಮಸಭೆಗೆ ಶಾಮಿಯಾನ ಇರುತ್ತದೆ, ಚಹಾ ಅವಲಕ್ಕಿ ಇರುತ್ತದೆ, ಇಲಾಖೆಯವರು ಬಂದಿರುತ್ತಾರೆ. ವಾರ್ಡ್ ಸಭೆ ಶಾಲೆಯ ಜಗಲಿಯಲ್ಲೋ ಭಜನಾ ಮಂದಿರದಲ್ಲೋ ಹದಿನೈದು ಕುರ್ಚಿ ಹಾಕಿ ನಡೆಯುತ್ತದೆ. ಆದರೆ ಮನೆ ಯಾರಿಗೆ, ಮೋರಿ ಎಲ್ಲಿಗೆ, ಯಾವ ರಸ್ತೆ ಮೊದಲು ಎಂಬ ಪಟ್ಟಿ ಹುಟ್ಟುವುದು ಅಲ್ಲೇ. ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕಾದ ಆ ಸಭೆಯ ಪಟ್ಟಿಗಳೆಲ್ಲ ಮೇಲೆ ಹೋಗಿ ಗ್ರಾಮಸಭೆಯಲ್ಲಿ ಸೇರುತ್ತವೆ. ವಾರ್ಡ್ ಸಭೆಯಲ್ಲಿ ಬಾಯಿ ಬಿಡದೆ ಗ್ರಾಮಸಭೆಯಲ್ಲಿ ‘ನಮ್ಮ ಕಡೆಗೆ ಏನೂ ಇಲ್ಲವಾ?’ ಎಂದು ಕೇಳುವುದು, ಅಡುಗೆಯವರಿಗೆ ಲೆಕ್ಕ ಕೊಡದೆ ಊಟದ ಹೊತ್ತಿಗೆ ನಲವತ್ತು ನೆಂಟರನ್ನು ಕರೆದುಕೊಂಡು ಬಂದ ಹಾಗೆ. ಸಿಗಬಹುದು, ಆದರೆ ಬೇರೆ ಯಾರದೋ ಎಲೆಯಿಂದ ತೆಗೆದು ಬಡಿಸಬೇಕಾಗುತ್ತದೆ.

ವಾರ್ಡ್ ಸಭೆಗೆ ಆ ವಾರ್ಡಿನ ಸದಸ್ಯರ ಅಧ್ಯಕ್ಷತೆ. ಪಂಚಾಯತ್‌ನಲ್ಲಿ ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯರ ಲೆಕ್ಕ. ಹಾಗಾಗಿ ಅವರಿಗೆ ನಿಮ್ಮ ಮನೆಯೂ ಗೊತ್ತು, ನಿಮ್ಮ ನಾಯಿಯ ಹೆಸರೂ ಗೊತ್ತು. ಅಲ್ಲಿ ಮಾತಾಡಲು ಮೈಕ್ ಬೇಡ.

ಯಾರು ಮಾತಾಡಬಹುದು? ಮದುವೆಯಾಗಿ ಬೇರೆ ಊರಿಗೆ ಹೋದವರು, ಮುಂಬೈಯಲ್ಲಿರುವವರು, ಬಾಡಿಗೆಗಿರುವವರು?

ಓಟು ಎಲ್ಲಿದೆ ಎಂಬುದೊಂದೇ ಅಳತೆ. ಮುಂಬೈಯ ಹೋಟೆಲಿನಲ್ಲಿ ದುಡಿಯುವ ಅಣ್ಣ ಊರಿನ ಪಟ್ಟಿಯಲ್ಲಿ ಹೆಸರು ಉಳಿಸಿಕೊಂಡಿದ್ದರೆ, ರಜೆಗೆ ಬಂದಾಗ ಸಭೆ ಇದ್ದರೆ ಧಾರಾಳವಾಗಿ ಮಾತಾಡಬಹುದು. ಇಲ್ಲೇ ಹುಟ್ಟಿ ಬೆಳೆದು ಓಟು ಗಂಡನ ಮನೆಗೆ ವರ್ಗ ಮಾಡಿಸಿಕೊಂಡ ಅಕ್ಕ ಇಲ್ಲಿ ಕೈ ಎತ್ತುವ ಹಾಗಿಲ್ಲ, ಅವರಿಗೆ ಅಲ್ಲಿಯ ಗ್ರಾಮಸಭೆ ಇದೆ. ಬಾಡಿಗೆ ಮನೆಯವರೂ ಇಲ್ಲಿಯ ಮತದಾರರಾಗಿದ್ದರೆ ಭೂಮಿ ಇದ್ದವರಷ್ಟೇ ಹಕ್ಕುದಾರರು. ‘ನಿಮಗೆ ಇಲ್ಲಿ ಒಂದು ಸೆಂಟ್ಸ್ ಜಾಗ ಇಲ್ಲ, ನೀವೇನು ಕೇಳುವುದು’ ಎಂದು ಅಂದವರನ್ನು ನಾನು ಕಂಡಿದ್ದೇನೆ. ಹಾಗೆ ಅನ್ನಲು ಯಾವ ಕಾನೂನೂ ಇಲ್ಲ.

ಓಟಿಲ್ಲದವರು ಬಂದು ಕೂತು ಕೇಳುವುದನ್ನು ನಮ್ಮಲ್ಲಿ ಯಾರೂ ತಡೆದಿಲ್ಲ. ಅಡಿಕೆ ತೋಟದ ಕೆಲಸಕ್ಕೆ ಹೊರಗಿನಿಂದ ಬಂದವರು ತಮ್ಮ ಬಿಡಾರದ ನೀರಿನ ವಿಷಯ ಹೇಳಿದಾಗ ಅದನ್ನೂ ಬರೆದುಕೊಂಡಿದ್ದೇವೆ. ನಿರ್ಣಯಕ್ಕೆ ಕೈ ಎತ್ತುವಾಗ ಮಾತ್ರ ಮತದಾರರ ಲೆಕ್ಕ.

ಕೋರಂ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿ, ಎಷ್ಟು?

ಒಟ್ಟು ಮತದಾರರಲ್ಲಿ ಹತ್ತನೇ ಒಂದು ಪಾಲು ಅಥವಾ 100 ಮಂದಿ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಬಂದವರಲ್ಲಿ ಶೇ. 30ರಷ್ಟಾದರೂ ಮಹಿಳೆಯರಿರಬೇಕು, ಪರಿಶಿಷ್ಟರು ಅವರ ಜನಸಂಖ್ಯೆಗೆ ತಕ್ಕಷ್ಟು ಇರಬೇಕು. ಮನೆಯಿಂದ ಒಬ್ಬರೇ ಬರುವುದಾದರೆ ಯಾವಾಗಲೂ ಗಂಡಸರೇ ಬರುವುದು ಯಾಕೆ ಎಂದು ಒಮ್ಮೆ ಯೋಚಿಸಿ. ಸ್ವಸಹಾಯ ಸಂಘದವರು ಗುಂಪಾಗಿ ಬಂದ ದಿನ ನಮ್ಮ ಸಭೆಯ ಧಾಟಿಯೇ ಬೇರೆಯಾಗಿತ್ತು. ಅವರು ದಾರಿದೀಪದ ಬಗ್ಗೆ ಭಾಷಣ ಮಾಡಲಿಲ್ಲ, ಉರಿಯದ ಕಂಬಗಳ ನಂಬರ್ ಬರೆದು ತಂದಿದ್ದರು.

ಏನನ್ನು ಬೇಕಾದರೂ ಕೇಳಬಹುದೇ?

ಕೇಳಬಹುದು. ಉತ್ತರ ಸಿಗಬೇಕಾದರೆ ಸರಿಯಾದವರನ್ನು ಕೇಳಬೇಕು.

ನಮ್ಮ ಸಭೆಗಳಲ್ಲಿ ಅರ್ಧ ಹೊತ್ತು ಹಾಳಾಗುವುದು ಇಲ್ಲೇ. ದಾರಿದೀಪ ಪಂಚಾಯತ್‌ನದ್ದು, ಅದಕ್ಕೆ ಕರೆಂಟು ತರುವ ತಂತಿ ಮೆಸ್ಕಾಂನದ್ದು. ಮನೆಗೆ ಹೋಗುವ ಕಚ್ಚಾ ರಸ್ತೆ ಪಂಚಾಯತ್‌ನದ್ದಿರಬಹುದು, ಅದು ಹೋಗಿ ಸೇರುವ ಡಾಮರು ರಸ್ತೆ ಲೋಕೋಪಯೋಗಿಯದ್ದು. ಮನೆ ಕಟ್ಟಿಕೊಂಡ ಸರ್ಕಾರಿ ಜಾಗಕ್ಕೆ ಭೂಕಂದಾಯ ಕಾಯ್ದೆಯ 94ಸಿಯಲ್ಲಿ ಹಕ್ಕುಪತ್ರ ಕೊಡುವುದು ಕಂದಾಯ ಇಲಾಖೆ, ಪಂಚಾಯತ್ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅಲ್ಲ. ಕಾಡುಹಂದಿ ಭತ್ತ ತಿಂದದ್ದಕ್ಕೆ ಪರಿಹಾರ ಅರಣ್ಯ ಇಲಾಖೆಯಿಂದ. ರೇಷನ್ ಕಾರ್ಡು ಆಹಾರ ಇಲಾಖೆಯದ್ದು. ಇವೆಲ್ಲವನ್ನೂ ಅಧ್ಯಕ್ಷರ ಮುಖಕ್ಕೆ ಎಸೆದರೆ ಅವರು ‘ಗಮನಕ್ಕೆ ತರುತ್ತೇವೆ’ ಅನ್ನುತ್ತಾರೆ. ಆ ಎರಡು ಶಬ್ದ ಕೇಳಿದ ಕೂಡಲೇ ಎಚ್ಚರ ಆಗಿ. ಯಾರ ಗಮನಕ್ಕೆ, ಯಾವ ಪತ್ರದಲ್ಲಿ, ಯಾವಾಗ ಎಂದು ಅಲ್ಲೇ ಕೇಳಿ.

ಇಲಾಖೆಗೆ ಸಂಬಂಧಪಟ್ಟದ್ದನ್ನು ಗ್ರಾಮಸಭೆಯಲ್ಲಿ ಎತ್ತಬಾರದು ಅಂತಲ್ಲ. ಇಲಾಖಾ ಮಾಹಿತಿ ಎಂದು ಒಂದು ಸುತ್ತು ಇರುತ್ತದೆ; ಕೃಷಿ, ಆರೋಗ್ಯ, ಪಶುಸಂಗೋಪನೆ, ಮೆಸ್ಕಾಂ ಎಂದು ಒಬ್ಬೊಬ್ಬರೇ ಬಂದು ಹೇಳುತ್ತಾರೆ. ನಿಮ್ಮ ಪ್ರಶ್ನೆಯನ್ನು ಆ ಅಧಿಕಾರಿ ಮೈಕ್ ಮುಂದೆ ನಿಂತಿರುವಾಗಲೇ ಕೇಳಿ. ಮೆಸ್ಕಾಂನವರು ಮಾತು ಮುಗಿಸಿ ಜೀಪು ಹತ್ತಿದ ಮೇಲೆ ಲೋ ವೋಲ್ಟೇಜ್ ನೆನಪಾಗುವುದು ನಮ್ಮೂರಿನ ಹಳೇ ರೋಗ.

ಹೇಗೆ ಮಾತಾಡಬೇಕು? ನನಗೆ ಭಾಷಣ ಬರುವುದಿಲ್ಲ.

ಭಾಷಣ ಬಾರದವರೇ ಒಳ್ಳೆಯದು. ಒಂದೇ ವಿಷಯವನ್ನು ಇಬ್ಬರು ಹೇಳಿದ್ದು ನೆನಪಿದೆ. ಮೊದಲನೆಯವರು:

‘ಏನು ಅಧ್ಯಕ್ಷರೇ, ಹತ್ತು ವರ್ಷದಿಂದ ಹೇಳ್ತಾ ಇದ್ದೇವೆ, ನಮ್ಮದು ರಸ್ತೆಯಾ ಗದ್ದೆಯಾ? ಓಟು ಕೇಳುವಾಗ ಮಾತ್ರ ನಮ್ಮ ಮನೆ ಕಾಣುತ್ತದಾ ನಿಮಗೆ?’

ಚಪ್ಪಾಳೆ ಬಿತ್ತು. ಅಧ್ಯಕ್ಷರು ನಗಾಡಿದರು. ನಡಾವಳಿ ಪುಸ್ತಕದಲ್ಲಿ ‘ರಸ್ತೆ ಸಮಸ್ಯೆ ಬಗ್ಗೆ ಚರ್ಚಿಸಲಾಯಿತು’ ಎಂದು ಬರೆಯಲಾಯಿತು. ಸ್ವಲ್ಪ ಹೊತ್ತಿನ ಮೇಲೆ ಅದೇ ವಾರ್ಡಿನ ಬೀಡಿ ಕಟ್ಟುವ ಅಕ್ಕ ಒಬ್ಬರು ಎದ್ದು ನಿಂತರು:

‘ಭಜನಾ ಮಂದಿರದಿಂದ ಅಂಗನವಾಡಿಗೆ ಹೋಗುವ ರಸ್ತೆ. ಮೋರಿ ಜೂನ್‌ನಲ್ಲಿ ಕುಸಿದಿದೆ. ಆಟೋ ಬರುವುದಿಲ್ಲ, ಹದಿನೇಳು ಮಕ್ಕಳನ್ನು ಎತ್ತಿಕೊಂಡು ದಾಟಿಸುತ್ತೇವೆ. ಈ ಮೋರಿಯನ್ನು ಈ ಸಲದ ಕ್ರಿಯಾಯೋಜನೆಗೆ ಹಾಕಿ ಎಂದು ನಿರ್ಣಯ ಬರೆಯಿರಿ.’

ಚಪ್ಪಾಳೆ ಇಲ್ಲ. ಮೋರಿ ಆಯಿತು. ಆ ಅಕ್ಕನ ಮಾತಿನಲ್ಲಿ ಜಾಗ ಇತ್ತು, ದಿನ ಇತ್ತು, ಎಷ್ಟು ಮಂದಿಗೆ ತೊಂದರೆ ಎಂಬ ಲೆಕ್ಕ ಇತ್ತು, ಏನು ಬರೆಯಬೇಕು ಎಂಬುದೂ ಇತ್ತು. ಬರೆಯುವವರು ಯೋಚನೆ ಮಾಡಬೇಕಾದ ಕೆಲಸವೇ ಉಳಿದಿರಲಿಲ್ಲ. ಎರಡು ನಿಮಿಷ ಸಾಕು. ಹೆಸರು, ವಾರ್ಡ್ ಮೊದಲು ಹೇಳಿ. ಬೇರೆಯವರು ಹೇಳಿ ಆದದ್ದನ್ನು ಮತ್ತೆ ಹೇಳಬೇಡಿ, ‘ಇದಕ್ಕೆ ನನ್ನ ಅನುಮೋದನೆ ಇದೆ’ ಅಂದರೆ ಸಾಕು.

ನಿರ್ಣಯ ಅಂದರೇನು, ಅದಕ್ಕೆ ಇಷ್ಟು ಮಹತ್ವ ಯಾಕೆ?

ಸಭೆಯಲ್ಲಿ ಆಡಿದ ಮಾತು ಸಂಜೆಯ ಹೊತ್ತಿಗೆ ಗಾಳಿಗೆ ಹೋಗುತ್ತದೆ. ಉಳಿಯುವುದು ನಡಾವಳಿ ಪುಸ್ತಕದಲ್ಲಿ ಬರೆದದ್ದು ಮಾತ್ರ. ಮುಂದೆ ತಾಲ್ಲೂಕಿಗೆ ಹೋಗಲಿ, ಜಿಲ್ಲೆಗೆ ಹೋಗಲಿ, ಕೋರ್ಟಿಗೇ ಹೋಗಲಿ, ‘ಪುಸ್ತಕದಲ್ಲಿ ಏನಿದೆ?’ ಎಂದೇ ಎಲ್ಲರೂ ಕೇಳುವುದು.

‘ಚರ್ಚಿಸಲಾಯಿತು’ ಎಂದರೆ ಏನೂ ಆಗಲಿಲ್ಲ ಎಂದು ಅರ್ಥ. ‘ಪರಿಶೀಲಿಸಲು ತಿಳಿಸಲಾಯಿತು’ ಎಂದರೆ ಸ್ವಲ್ಪ ಮರ್ಯಾದೆಯಿಂದ ಏನೂ ಆಗಲಿಲ್ಲ ಎಂದು. ‘ನಿರ್ಣಯಿಸಲಾಯಿತು’ ಎಂದಿದ್ದು, ಅದರ ಹಿಂದೆ ಯಾರು ಸೂಚಿಸಿದರು, ಯಾರು ಅನುಮೋದಿಸಿದರು ಎಂದಿದ್ದರೆ ಮಾತ್ರ ಅದು ಹಿಡಿಯಲು ಹಿಡಿಕೆ ಇರುವ ಪಾತ್ರೆ. ಹಾಗಾಗಿ ನಿಮ್ಮ ವಿಷಯ ಮುಗಿದಾಗ ‘ಏನು ಬರೆದಿರಿ, ಒಮ್ಮೆ ಓದಿ’ ಎಂದು ಕೇಳಿ. ಇದು ಅವಮರ್ಯಾದೆ ಅಲ್ಲ. ಓದಲು ಹಿಂಜರಿದರೆ ಇನ್ನೊಮ್ಮೆ ಕೇಳಿ. ಸಭೆ ಶುರುವಾಗುವ ಮೊದಲೇ ಖಾಲಿ ಹಾಳೆಗೆ ಎಲ್ಲರ ಸಹಿ ಹಾಕಿಸಿಕೊಳ್ಳುವ ಕ್ರಮ ಕೆಲವು ಕಡೆ ಇದೆ. ಹಾಜರಾತಿಗೆ ಸಹಿ ಹಾಕಿ, ಆದರೆ ಆ ಹಾಳೆಯ ತಲೆಯ ಮೇಲೆ ಏನು ಬರೆದಿದೆ ಎಂದು ನೋಡಿ ಹಾಕಿ.

ಇನ್ನೊಂದು ಶಬ್ದ ಕಲಿತುಕೊಳ್ಳಿ: ಅನುಪಾಲನಾ ವರದಿ. ಕಳೆದ ಸಭೆಯ ನಿರ್ಣಯಗಳಲ್ಲಿ ಏನೇನಾಯಿತು ಎಂಬ ಲೆಕ್ಕ ಅದು. ಅದನ್ನು ಮೊದಲು ಓದಿ, ಆಮೇಲೆ ಹೊಸ ವಿಷಯ ಎಂದು ಕೇಳುವ ಒಬ್ಬರೇ ಒಬ್ಬರು ಸಭೆಯಲ್ಲಿದ್ದರೆ ಆ ಪಂಚಾಯತ್ ಸ್ವಲ್ಪ ಸರಿಯಾಗಿ ನಡೆಯುತ್ತದೆ. ನಾನು ಸದಸ್ಯನಾಗಿದ್ದಾಗ ನನಗೆ ಹೆದರಿಕೆ ಇದ್ದದ್ದು ಕೂಗುವವರ ಬಗ್ಗೆ ಅಲ್ಲ, ಹಿಂದಿನ ಸಭೆಯ ಜೆರಾಕ್ಸ್ ಮಡಚಿ ಕಿಸೆಯಲ್ಲಿಟ್ಟುಕೊಂಡು ಬರುತ್ತಿದ್ದ ಒಬ್ಬ ನಿವೃತ್ತ ಪೋಸ್ಟ್‌ಮ್ಯಾನ್ ಬಗ್ಗೆ.

ನಮ್ಮ ಹಿರಿಯರಿಗೆ ತುಳು ಮಾತ್ರ ಬರುತ್ತದೆ. ಕನ್ನಡದಲ್ಲೇ ಮಾತಾಡಬೇಕಾ?

ಬೇಡ. ತುಳು, ಬ್ಯಾರಿ, ಕೊಂಕಣಿ, ಮಲಯಾಳ, ಯಾವುದರಲ್ಲಿ ಸಂಕಟ ಹೇಳಲು ಬರುತ್ತದೋ ಅದರಲ್ಲಿ ಹೇಳಿ. ಪುಸ್ತಕ ಕನ್ನಡದಲ್ಲಿರುತ್ತದೆ, ಅಷ್ಟೇ. ಆದ್ದರಿಂದಲೇ ಬರೆದದ್ದನ್ನು ಓದಿಸಿಕೊಳ್ಳುವುದು ಇವರಿಗೆ ಇನ್ನೂ ಅಗತ್ಯ. ತುಳುವಿನಲ್ಲಿ ಕಾಲುಗಂಟೆ ಹೇಳಿದ ನೀರಿನ ಗೋಳು ಕನ್ನಡದಲ್ಲಿ ಮೂರು ಶಬ್ದ ಆಗಿರುವುದನ್ನು ಕಂಡಿದ್ದೇನೆ. ಹೊರಜಿಲ್ಲೆಯಿಂದ ಬಂದ ಅಧಿಕಾರಿಗೆ ಅರ್ಥವಾಗದಿದ್ದರೆ ಪಕ್ಕದಲ್ಲಿದ್ದವರು ಹೇಳಿಕೊಡಲಿ. ನಗಾಡಬೇಡಿ, ಯಾರನ್ನೂ.

ನೆರೆಮನೆಯವನು ನನ್ನ ದಾರಿಗೆ ಬೇಲಿ ಹಾಕಿದ್ದಾನೆ. ಸಭೆಯಲ್ಲಿ ಹೇಳಬಹುದೇ?

ಅದು ಪಂಚಾಯತ್ ದಾಖಲೆಯಲ್ಲಿರುವ ಸಾರ್ವಜನಿಕ ದಾರಿಯಾದರೆ ಹೇಳಿ. ಖಾಸಗಿ ಜಾಗದ ಗಡಿ ತಕರಾರಾದರೆ ಸರ್ವೆಯವರು, ತಹಶೀಲ್ದಾರರು, ಸಿವಿಲ್ ಕೋರ್ಟು. ಇನ್ನೂರು ಜನರೆದುರು ನೆರೆಯವನ ಹೆಸರು ಹೇಳಿ ಬೈದರೆ ಬೇಲಿ ಹೋಗುವುದಿಲ್ಲ, ಮಾತು ಹೋಗುತ್ತದೆ. ಮುಂದಿನ ಮೂರು ಮದುವೆಗೆ ಕರೆಯುವುದೂ ನಿಲ್ಲುತ್ತದೆ.

ಇನ್ನೊಬ್ಬರ ಕಾಯಿಲೆ, ಮನೆಯೊಳಗಿನ ಜಗಳ, ಯಾರ ಮಗಳು ಯಾರ ಜೊತೆ ಹೋದಳು ಇಂಥದ್ದೆಲ್ಲ ಮೈಕ್‌ಗೆ ಬರಲೇಬಾರದು. ಫಲಾನುಭವಿ ಪಟ್ಟಿಯ ವಿಷಯದಲ್ಲಿ ಮಾತ್ರ ಹೆಸರು ಬರುವುದು ಅನಿವಾರ್ಯ. ಬಸವ ವಸತಿ, ಅಂಬೇಡ್ಕರ್ ನಿವಾಸ್ ಯೋಜನೆಯ ಮನೆಗೆ ಯಾರ ಹೆಸರು ಎಂದು ಓದಲೇಬೇಕು, ಅರ್ಹರಲ್ಲದವರಿದ್ದರೆ ಆಕ್ಷೇಪಿಸಲೇಬೇಕು. ಆಗಲೂ ‘ಅವರಿಗೆ ಈಗಾಗಲೇ ಆರ್‌ಸಿಸಿ ಮನೆ ಇದೆ’ ಎಂದು ಹೇಳಿ. ‘ಆ ಕಳ್ಳ’ ಎಂದು ಸೇರಿಸಬೇಕಾಗಿಲ್ಲ.

ಸಿಟ್ಟು ಬಂದಾಗ ಎರಡು ಮಾತು ಜೋರಾಗಿ ಅಂದರೆ ಏನಾಗುತ್ತದೆ?

ಜೋರು ಅಪರಾಧವಲ್ಲ. ಕೆಲಸದ ಬಗ್ಗೆ ಎಷ್ಟು ಖಾರವಾಗಿ ಬೇಕಾದರೂ ಕೇಳಿ, ‘ಬಿಲ್ಲು ತೋರಿಸಿ’, ‘ಪೈಪು ಎಲ್ಲಿ ಹೋಯಿತು’, ‘ಸುಳ್ಳು ಹೇಳುತ್ತಿದ್ದೀರಿ’. ಜಾತಿ ಹಿಡಿದು ಅಂದರೆ ವಿಷಯ ಬೇರೆ. ಪರಿಶಿಷ್ಟ ಜಾತಿ, ಪಂಗಡದವರನ್ನು ಸಾರ್ವಜನಿಕವಾಗಿ ಜಾತಿ ಹೆಸರಿನಲ್ಲಿ ನಿಂದಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ಸಭೆಗಿಂತ ಹೆಚ್ಚು ಸಾರ್ವಜನಿಕ ಜಾಗ ಇನ್ನೊಂದಿಲ್ಲ. ಕರ್ತವ್ಯದಲ್ಲಿರುವ ಅಧಿಕಾರಿಯ ಕಾಲರ್ ಹಿಡಿದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 132ನೇ ಸೆಕ್ಷನ್ ಇದೆ. ಅದು ಹಿಂದೆ ಐಪಿಸಿಯ 353 ಎಂದು ಊರಿಗೆಲ್ಲ ಗೊತ್ತಿದ್ದದ್ದೇ. ಆಧಾರವಿಲ್ಲದೆ ಒಬ್ಬರ ಹೆಸರು ಹೇಳಿ ‘ಇಷ್ಟು ಲಕ್ಷ ತಿಂದಿದ್ದಾರೆ’ ಅಂದರೆ ಮಾನಹಾನಿ ದಾವೆಗೆ ನೀವೇ ದಾರಿ ಮಾಡಿಕೊಟ್ಟ ಹಾಗೆ. ಅನುಮಾನ ಇದ್ದರೆ ‘ಆ ಕಾಮಗಾರಿಯ ಖರ್ಚಿನ ವಿವರ ಸಭೆಗೆ ಕೊಡಿ’ ಎಂದು ಕೇಳಿ. ಅದರಲ್ಲಿ ಎಲ್ಲವೂ ಬಂತು.

ನಮ್ಮ ಕಡೆ ಸಭೆ ನಡೆಸಿಕೊಡಲು ಬೇರೆ ಇಲಾಖೆಯ ಒಬ್ಬರನ್ನು ಚರ್ಚಾ ನಿಯಂತ್ರಣಾಧಿಕಾರಿ ಎಂದು ಕೂರಿಸುತ್ತಾರೆ. ಪಶುವೈದ್ಯರೋ ಶಿಕ್ಷಣ ಇಲಾಖೆಯವರೋ ಇರುತ್ತಾರೆ. ಪಾಪ, ದನಕ್ಕೆ ಚುಚ್ಚುಮದ್ದು ಕೊಡುವವರು ನಮ್ಮ ಜಗಳ ಬಿಡಿಸಬೇಕು. ಅವರು ಕೂರಿ ಅಂದಾಗ ಕೂರಿ. ನಿಮ್ಮ ಮಾತು ಅರ್ಧಕ್ಕೆ ನಿಂತಿತು ಅನಿಸಿದರೆ ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಪಕ್ಷದ ವಿಷಯ ಎತ್ತಬಹುದೇ?

ಗ್ರಾಮ ಪಂಚಾಯತ್ ಚುನಾವಣೆ ನಮ್ಮ ರಾಜ್ಯದಲ್ಲಿ ಪಕ್ಷದ ಚಿಹ್ನೆಯಿಲ್ಲದೆ ನಡೆಯುತ್ತದೆ. ಹೆಸರಿಗೆ ಮಾತ್ರ ಎಂದು ನೀವು ನಗಬಹುದು, ನಾನೂ ನಗುತ್ತೇನೆ. ಆದರೂ ದೆಹಲಿಯ, ಬೆಂಗಳೂರಿನ ಜಗಳವನ್ನು ಇಲ್ಲಿಗೆ ತಂದರೆ ಎರಡೂ ಕಡೆಯವರು ಎದ್ದು ನಿಲ್ಲುತ್ತಾರೆ, ಅಂಗನವಾಡಿಯ ಮಾಡು ಮಾತ್ರ ಸೋರುತ್ತಲೇ ಇರುತ್ತದೆ.

ಅಧ್ಯಕ್ಷೆಯ ಬದಲು ಅವರ ಗಂಡನೇ ಉತ್ತರ ಕೊಡುತ್ತಾರೆ. ಏನು ಮಾಡುವುದು?

ನಯವಾಗಿ ನಿಲ್ಲಿಸಿ. ‘ನಾವು ಅಧ್ಯಕ್ಷರನ್ನು ಕೇಳಿದ್ದು’ ಎಂದು ಹೇಳಿ, ಕಾಯಿರಿ. 1987ರ ಚುನಾವಣೆಯಲ್ಲಿ ಶೇ. 25 ಇದ್ದ ಮಹಿಳಾ ಮೀಸಲಾತಿ 2010ರಿಂದ ಶೇ. 50 ಆಗಿದೆ. ಕುರ್ಚಿ ಬಂತು, ಮೈಕ್ ಬರಲು ಇನ್ನೂ ಹೊತ್ತಾಗುತ್ತಿದೆ.

ಇದರಲ್ಲಿ ಸಭೆಯವರ ತಪ್ಪೂ ಇದೆ. ಗಂಡನ ಹತ್ತಿರ ಕೇಳಿದರೆ ಬೇಗ ಕೆಲಸವಾಗುತ್ತದೆ ಎಂದು ನಾವೇ ಅವರ ಬೈಕ್ ನಿಲ್ಲಿಸುತ್ತೇವೆ. ನಮ್ಮಲ್ಲಿ ಒಬ್ಬರು ಅಧ್ಯಕ್ಷೆ ಮೊದಲ ಸಭೆಯಲ್ಲಿ ಬರೆದು ತಂದ ಸ್ವಾಗತವನ್ನೇ ನಡುಗುತ್ತ ಓದಿದ್ದರು. ಮೂರನೇ ಸಭೆಯ ಹೊತ್ತಿಗೆ ಕುಡಿಯುವ ನೀರಿನ ಬಾಕಿ ಬಿಲ್ಲಿನ ಲೆಕ್ಕವನ್ನು ಕಾಗದ ನೋಡದೆ ಹೇಳಿದರು, ಬಾಕಿ ಇಟ್ಟವರಲ್ಲಿ ವೇದಿಕೆ ಮೇಲಿದ್ದವರೂ ಇದ್ದಾರೆ ಎಂದೂ ಸೇರಿಸಿದರು. ವೇದಿಕೆ ಮೇಲಿದ್ದವರಲ್ಲಿ ನಾನೂ ಒಬ್ಬ. ಮರುದಿನ ಕಟ್ಟಿದೆ.

ಅಧಿಕಾರಿಗಳು ಬಂದಿಲ್ಲ. ಸಭೆ ಮುಂದೂಡಿ ಎಂದು ಪಟ್ಟು ಹಿಡಿಯಬೇಕಾ?

ನಮ್ಮ ಜಿಲ್ಲೆಯ ಪತ್ರಿಕೆಗಳಲ್ಲಿ ಈ ಸುದ್ದಿ ಮಳೆಗಾಲದಷ್ಟೇ ಖಾಯಂ: ‘ಅಧಿಕಾರಿಗಳ ಗೈರು, ಗ್ರಾಮಸ್ಥರ ಆಕ್ರೋಶ, ಸಭೆ ಮುಂದೂಡಿಕೆ’. ನಾನೂ ಹಿಂದೆ ಹಾಗೆ ಕೂಗಿದವನೇ. ಈಗ ಬೇಡ ಅನಿಸುತ್ತದೆ. ಕೂಲಿ ಬಿಟ್ಟು ಬಂದ ನೂರು ಜನ ಖಾಲಿ ಕೈಯಲ್ಲಿ ಮನೆಗೆ ಹೋಗುತ್ತಾರೆ. ಬಾರದ ಅಧಿಕಾರಿಗೆ ಒಂದು ದಿನ ಉಳಿಯಿತು, ಅಷ್ಟೇ. ಅದರ ಬದಲು ಯಾವ ಯಾವ ಇಲಾಖೆಯವರು ಬಂದಿಲ್ಲ ಎಂದು ಹೆಸರು ಹಿಡಿದು ಬರೆಸಿ, ವಿವರಣೆ ಕೇಳಬೇಕೆಂದು ನಿರ್ಣಯ ಮಾಡಿ ತಾಲ್ಲೂಕು ಪಂಚಾಯತ್ ಕಾರ್ಯನಿರ್ವಹಣಾಧಿಕಾರಿಗೆ ಕಳಿಸಿ. ಪಂಚಾಯತ್‌ನದ್ದೇ ವಿಷಯಗಳನ್ನು ಅವತ್ತೇ ಮುಗಿಸಿ.

ಸಭೆಯನ್ನೇ ಕರೆಯದಿದ್ದರೆ ಬೇರೆ ದಾರಿ. ಮತದಾರರಲ್ಲಿ ಶೇ. 10 ಮಂದಿ ವಿಷಯ ನಮೂದಿಸಿ ಸಹಿ ಹಾಕಿ ಕೊಟ್ಟರೆ ವಿಶೇಷ ಗ್ರಾಮಸಭೆ ಕರೆಯಬೇಕಾಗುತ್ತದೆ. ಸಹಿ ಸಂಗ್ರಹ ಕಷ್ಟದ ಕೆಲಸ, ಆದರೆ ಸಹಿಗೆ ಓಡಾಡುವಾಗಲೇ ಅರ್ಧ ಸಭೆ ನಡೆದುಹೋಗುತ್ತದೆ.

ನಾವು ತೆರಿಗೆ ಕಟ್ಟುತ್ತೇವೆ, ಹಣ ಬರುತ್ತದೆ. ಹಾಗಿದ್ದರೂ ‘ಅನುದಾನ ಇಲ್ಲ’ ಅನ್ನುತ್ತಾರಲ್ಲ?

ಅರ್ಧ ನಿಜ, ಅರ್ಧ ನೆಪ. ಬರುವ ಹಣಕ್ಕೆಲ್ಲ ಬಾಲ ಇರುತ್ತದೆ. 15ನೇ ಹಣಕಾಸು ಆಯೋಗದ 2021–26ರ ಅವಧಿಯಲ್ಲಿ ಬಂದ ಅನುದಾನದ ಶೇ. 60ನ್ನು ಕುಡಿಯುವ ನೀರು ಮತ್ತು ಸ್ವಚ್ಛತೆಗೇ ಖರ್ಚು ಮಾಡಬೇಕು ಎಂದಿತ್ತು. ಉಳಿದ ಶೇ. 40ರಲ್ಲಿ ರಸ್ತೆ, ಮೋರಿ, ಇನ್ನೇನೋ. ಪಂಚಾಯತ್‌ನ ಸ್ವಂತ ನಿಧಿಯಲ್ಲೂ ಪರಿಶಿಷ್ಟರಿಗೆ ಇಂತಿಷ್ಟು, ವಿಕಲಚೇತನರಿಗೆ ಶೇ. 5 ಎಂದು ತೆಗೆದಿಡಬೇಕು. ಆ ಶೇ. 5 ಯಾರಿಗೆ ಹೋಯಿತು ಎಂದು ಕೇಳುವವರು ಬಹಳ ಕಡಿಮೆ. ಕೇಳಿ.

ಲೆಕ್ಕ ನೋಡಲು ಗ್ರಾಮಸಭೆ ಒಂದೇ ಜಾಗವಲ್ಲ. ವರ್ಷಕ್ಕೊಮ್ಮೆ ಪಂಚಾಯತ್‌ನ ಲೆಕ್ಕವನ್ನು ಜನರೆದುರು ತಪಾಸಣೆ ಮಾಡುವ ಜಮಾಬಂದಿ ಇದೆ, ಉದ್ಯೋಗ ಖಾತರಿಯ ಕಾಮಗಾರಿಗಳಿಗೆ ಸಾಮಾಜಿಕ ಪರಿಶೋಧನೆ ಎಂಬ ಪದ್ಧತಿ ಬಂತು. ಅವುಗಳಿಗೆ ಚಹಾ ಕುಡಿಯಲು ಬರುವವರೂ ಇಲ್ಲ. ಕಡತ ಮೇಜಿನ ಮೇಲೆ ತೆರೆದಿರುವುದು ಆ ದಿನವೇ.

ಕಲ್ಲುಕೋರೆ ಬೇಡ ಎಂದು ಗ್ರಾಮಸಭೆ ನಿರ್ಣಯ ಮಾಡಿದರೆ ಅದು ನಿಲ್ಲುತ್ತದೆಯೇ?

ಅಷ್ಟು ಸುಲಭವಲ್ಲ. ಸುಳ್ಳು ಧೈರ್ಯ ಕೊಡಲಾರೆ. ಕೋರೆಗೆ ಪರವಾನಗಿ ಗಣಿ ಮತ್ತು ಭೂವಿಜ್ಞಾನ ಇಲಾಖೆಯದ್ದು. ನಿಮ್ಮ ನಿರ್ಣಯ ಅವರಿಗೆ ಆಕ್ಷೇಪವಾಗಿ ಹೋಗುತ್ತದೆ, ಆಜ್ಞೆಯಾಗಿ ಅಲ್ಲ.

ಒಡಿಶಾದ ನಿಯಮಗಿರಿಯ ಕಥೆಯನ್ನು ಯಾರಾದರೂ ಎತ್ತುತ್ತಾರೆ. 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಅಲ್ಲಿನ 12 ಹಳ್ಳಿಗಳ ಗ್ರಾಮಸಭೆಗಳು ಬಾಕ್ಸೈಟ್ ಗಣಿ ಬೇಡ ಎಂದವು, ಹನ್ನೆರಡಕ್ಕೆ ಹನ್ನೆರಡೂ. ಆದರೆ ಅಲ್ಲಿ 2006ರ ಅರಣ್ಯ ಹಕ್ಕು ಕಾಯ್ದೆಯ ಬಲವಿತ್ತು, ಡೋಂಗ್ರಿಯಾ ಕೊಂಧರು ಬೆಟ್ಟವನ್ನೇ ದೇವರೆಂದು ನಂಬಿದವರು, ಅವರ ಧಾರ್ಮಿಕ ಹಕ್ಕಿನ ಪ್ರಶ್ನೆಯಿತ್ತು. ಪರಿಶಿಷ್ಟ ಪ್ರದೇಶಗಳಲ್ಲಿ ಗ್ರಾಮಸಭೆಗೆ ಹೆಚ್ಚಿನ ಅಧಿಕಾರ ಕೊಡುವ 1996ರ ಪೆಸಾ ಕಾಯ್ದೆ ಕರ್ನಾಟಕಕ್ಕೆ ಅನ್ವಯಿಸುವುದಿಲ್ಲ, ಯಾಕೆಂದರೆ ನಮ್ಮಲ್ಲಿ ಸಂವಿಧಾನದ ಐದನೇ ಅನುಸೂಚಿ ಹೇಳುವ ಅಂಥ ಪ್ರದೇಶವೇ ಇಲ್ಲ. ಅರಣ್ಯ ಹಕ್ಕು ಕಾಯ್ದೆ ಮಾತ್ರ ನಮಗೂ ಇದೆ. ಕಾಡಂಚಿನ ಮಲೆಕುಡಿಯ ಬುಡಕಟ್ಟಿನವರಿಗೆ ಅದು ಬಹಳ ದೊಡ್ಡ ಆಸರೆ.

ಆದರೂ ನಿರ್ಣಯ ಮಾಡಿ. ಕೋರೆಯಿಂದ ಎಷ್ಟು ದೂರದಲ್ಲಿ ಯಾವ ಮನೆಯ ಗೋಡೆ ಬಿರುಕು ಬಿಟ್ಟಿದೆ, ಯಾವ ಬಾವಿಯ ನೀರು ಕೆಂಪಾಗಿದೆ ಎಂದು ಒಂದೊಂದೇ ಬರೆಸಿ. ಮುಂದೆ ಯಾರಾದರೂ ಕೋರ್ಟಿಗೆ ಹೋದರೆ ಆ ಪುಟ ಸಾಕ್ಷಿಯಾಗುತ್ತದೆ.

ವಿಡಿಯೊ ಮಾಡಬಹುದೇ? ಊರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ದೂರು ಹಾಕಿದರೆ ಸಾಲದೇ?

ಮಾಡಿ, ಆದರೆ ಪೂರ್ತಿ ಇಟ್ಟುಕೊಳ್ಳಿ. ಇಪ್ಪತ್ತು ಸೆಕೆಂಡು ಕತ್ತರಿಸಿ ಹಂಚಿದರೆ ಸತ್ಯವೂ ಸುಳ್ಳಾಗಿ ಕಾಣುತ್ತದೆ. ಅಳುತ್ತಿರುವ ಹೆಂಗಸರನ್ನು, ಮಕ್ಕಳನ್ನು ಹಿಡಿಯಬೇಡಿ. ವಾಟ್ಸ್‌ಆ್ಯಪ್‌ನಲ್ಲಿ ಸಿಟ್ಟು ತೀರುತ್ತದೆ, ದಾಖಲೆ ಆಗುವುದಿಲ್ಲ. ಬಿಳಿ ಹಾಳೆಯಲ್ಲಿ ನಾಲ್ಕು ಸಾಲು ಬರೆದು ಪಂಚಾಯತ್‌ಗೆ ಕೊಟ್ಟು ಸೀಲು ಹಾಕಿಸಿಕೊಂಡರೆ ಅದು ದಾಖಲೆ.

ಮಕ್ಕಳು ಬರಬಹುದೇ?

ಅವರಿಗೆ ಅವರದ್ದೇ ಸಭೆ ಇದೆ. ಕುಂದಾಪುರ ಕಡೆಯ ಕೆರಾಡಿಯಲ್ಲಿ ಮಕ್ಕಳ ಪಂಚಾಯತ್ ಎಂಬ ಪ್ರಯೋಗ ಮೊದಲೇ ನಡೆದಿತ್ತು. 2006ರಲ್ಲಿ ಸರ್ಕಾರ ರಾಜ್ಯದ ಎಲ್ಲ ಪಂಚಾಯತ್‌ಗಳೂ ಮಕ್ಕಳ ಗ್ರಾಮಸಭೆ ಮಾಡಬೇಕು ಎಂದಿತು. ದೊಡ್ಡವರು ಅದಕ್ಕೂ ಒಮ್ಮೆ ಹೋಗಿ ಹಿಂದೆ ಕೂರಿ. ‘ಶಾಲೆಯ ಶೌಚಾಲಯಕ್ಕೆ ಚಿಲಕ ಇಲ್ಲ’ ಎಂದು ಆರನೇ ಕ್ಲಾಸಿನ ಹುಡುಗಿ ಹೇಳಿದಾಗ ನಮ್ಮ ವೇದಿಕೆಯಲ್ಲಿ ಯಾರಿಗೂ ಉತ್ತರ ಇರಲಿಲ್ಲ. ಚಿಲಕಕ್ಕೆ ಅನುದಾನ ಇಲ್ಲ ಎಂದು ಹೇಳುವುದು ಹೇಗೆ?

ನಿರ್ಣಯ ಆಗಿ ವರ್ಷವಾದರೂ ಕೆಲಸ ಆಗಿಲ್ಲ. ಮುಂದೇನು?

ಮೊದಲು ಪಿಡಿಒ ಹತ್ತಿರ ಹೋಗಿ ಕೂತು ಕೇಳಿ. ಹತ್ತರಲ್ಲಿ ನಾಲ್ಕು ಸಲ ಕಾರಣ ಸಣ್ಣದಿರುತ್ತದೆ: ಅಂದಾಜುಪಟ್ಟಿಗೆ ಇಂಜಿನಿಯರ್ ಬಂದಿಲ್ಲ, ಜಾಗದ ಒಪ್ಪಿಗೆಪತ್ರ ಬಂದಿಲ್ಲ. ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕು ಅರ್ಜಿ. 10 ರೂಪಾಯಿ ಶುಲ್ಕ, ಬಿಪಿಎಲ್‌ನವರಿಗೆ ಅದೂ ಇಲ್ಲ, 30 ದಿನದಲ್ಲಿ ಉತ್ತರ ಕೊಡಬೇಕು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಶಬ್ದದೊಳಗೆ. ‘ಇಂಥ ದಿನದ ಗ್ರಾಮಸಭೆಯ ಇಂಥ ನಿರ್ಣಯದ ಮೇಲೆ ತೆಗೆದುಕೊಂಡ ಕ್ರಮದ ಪ್ರತಿ ಕೊಡಿ’ ಅಂದರೆ ಹನ್ನೆರಡು ಶಬ್ದವೂ ಆಗಲಿಕ್ಕಿಲ್ಲ. ಅದರ ಮೇಲೆ ತಾಲ್ಲೂಕು ಪಂಚಾಯತ್‌ಗೆ, ಜಿಲ್ಲಾ ಪಂಚಾಯತ್‌ಗೆ ದೂರು.

ನಮ್ಮದು ಈಗ ಪಟ್ಟಣ ಪಂಚಾಯತ್ ಆಗಿದೆ. ಗ್ರಾಮಸಭೆ ಇದೆಯೇ?

ಇಲ್ಲ. ಊರು ಪಟ್ಟಣವಾದ ದಿನ ಕಳೆದುಕೊಳ್ಳುವುದರಲ್ಲಿ ಇದೂ ಒಂದು. ಸಂವಿಧಾನ 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೆ ವಾರ್ಡ್ ಸಮಿತಿ ಹೇಳುತ್ತದೆ. ಅದಕ್ಕಿಂತ ಸಣ್ಣ ಪಟ್ಟಣಗಳವರು ನಡುವೆ ಸಿಕ್ಕಿಹಾಕಿಕೊಂಡವರು.

ಮೊದಲ ಸಲ ಬರುತ್ತಿದ್ದೇನೆ. ಎಲ್ಲಿ ಕೂರಲಿ?

ವೇದಿಕೆಯ ಎಡಕ್ಕೋ ಬಲಕ್ಕೋ ಒಂದು ಸಣ್ಣ ಮೇಜು ಇರುತ್ತದೆ, ಅದರ ಮೇಲೆ ಕೆಂಪು ರಟ್ಟಿನ ಪುಸ್ತಕ ಇಟ್ಟುಕೊಂಡು ಒಬ್ಬರು ಬರೆಯುತ್ತಿರುತ್ತಾರೆ. ಅವರ ಪೆನ್ನು ಕಾಣುವಷ್ಟು ಹತ್ತಿರ ಕುರ್ಚಿ ಎಳೆದುಕೊಳ್ಳಿ.